ಬದುವಿನ ಗಂಧದ ಮರ

ದಾಸನಕೊಪ್ಪದ ನಮ್ಮ ಹೊಲದ ಬದುವಿನ ಮೇಲೆ ಒಂದು ಗಂಧದ ಮರವಿತ್ತು. ನೆಲ ನಮ್ಮದು, ಮರ ಮಾತ್ರ ಸರ್ಕಾರದ್ದು. ಬ್ರಿಟಿಷರ ಕಾಯಿದೆ ಹಾಗಿತ್ತು. ಜಂಗಲ್ ಖಾತೆಯವರು ಬಂದು ಕಾಂಡದ ಮೇಲೆ ಡಾಂಬರಿನಲ್ಲಿ ನಂಬರು ಬರೆದು ಹೋಗಿದ್ದರು. ಒಂದು ಟೊಂಗೆ ಮುರಿದರೂ ಶಿರಸಿಯ ಕಚೇರಿಗೆ ಅಲೆಯಬೇಕಾದೀತೆಂದು ನನ್ನ ಗಂಡ ಅದರ ನೆರಳಿಗೆ ಎತ್ತು ಸಹ ಕಟ್ಟುತ್ತಿರಲಿಲ್ಲ. "ದರಿದ್ರದ ಗಿಡ, ನಮ್ಮ ಹೊಲದಾಗ ಹುಟ್ಟಿ ನಮ್ಮನ್ನೇ ಹೆದರಸ್ತೈತಿ" ಎಂದು ಬೈಯುತ್ತಿದ್ದರು.

ನನ್ನ ಚೊಚ್ಚಲ ಮಗಳು ಜ್ವರ ಬಂದು ತೀರಿಕೊಂಡಾಗ ಅವಳಿಗೆ ಇನ್ನೂ ಹಲ್ಲು ಪೂರ್ತಿ ಬಂದಿರಲಿಲ್ಲ. ನಮ್ಮಲ್ಲಿ ಎಳೆಗೂಸುಗಳನ್ನು ಸುಡುವುದಿಲ್ಲ, ಮಣ್ಣು ಮಾಡುತ್ತಾರೆ. ಎಲ್ಲಿ ಎಂಬ ಮಾತು ಬಂದಾಗ ನಮ್ಮ ಅತ್ತೆ, "ಆ ಗಂಧದ ಗಿಡದ ಬುಡಕ ಇಡ್ರಿ. ಬ್ಯಾರೆ ಕಡೆ ಆದ್ರ ನಾಳೆ ಯಾರರ ನೇಗಿಲು ಹೊಡೀತಾರ. ಆ ಗಿಡ ಮುಟ್ಟೋ ಧೈರ್ಯ ಯಾರಿಗೂ ಇಲ್ಲ, ಕೂಸು ತಣ್ಣಗ ಮಲಗಿರ್ತೈತಿ" ಎಂದರು. ನನಗೂ ಅದೇ ಸರಿ ಎನಿಸಿತು. ಮಗುವಿನ ಕೈಯ ಕರಿಬಳೆ ತೆಗೆಯಲು ಮಾತ್ರ ನಾನು ಬಿಡಲಿಲ್ಲ.

ಅಂದಿನಿಂದ ಆ ಮರಕ್ಕೆ ನಾನೇ ಕಾವಲು. ಸಿದ್ದಾಪುರದ ಕಡೆ ಜನ ಸ್ವರಾಜ್ಯಕ್ಕಾಗಿ ಸರ್ಕಾರದ ಕಾಯಿದೆ ಮುರಿದು ಜೈಲಿಗೆ ಹೋಗುತ್ತಿದ್ದ ಕಾಲ ಅದು. ನಾನೊಬ್ಬಳು ಕಾಯಿದೆಯನ್ನೇ ನಂಬಿಕೊಂಡು ಕೂತಿದ್ದೆ. ಮೇಕೆ ಬಂದರೆ ಕಲ್ಲು, ಮನುಷ್ಯರು ಬಂದರೆ ಬೈಗುಳ. ನನ್ನ ಬಾಯಿಗೆ ಹೆದರಿ ಊರವರು ಆ ಬದುವಿನ ಹಾದಿಯನ್ನೇ ಬಿಟ್ಟರು. ಗಸ್ತಿಗೆ ಬರುತ್ತಿದ್ದ ಗಾರ್ಡ್ ಸಾಹೇಬರು, "ನನ್ನ ಪಗಾರ ನಿಮಗೇ ಕೊಡಬೇಕವ್ವ" ಎಂದು ನಗುತ್ತಿದ್ದರು. ಯಾಕೆ ಕಾಯುತ್ತೀ ಎಂದು ಅವರೂ ಕೇಳಲಿಲ್ಲ, ನಾನೂ ಹೇಳಲಿಲ್ಲ.

ಕೆಲವು ವರ್ಷಗಳ ಮೇಲೆ, ಸುಗ್ಗಿ ಮುಗಿದ ಹೊತ್ತಿಗೆ, ಅದೇ ಸಾಹೇಬರು ಆಳುಗಳನ್ನೂ ಗಾಡಿಯನ್ನೂ ಕರೆದುಕೊಂಡು ಬಂದರು. ಮರ ಬಲಿತಿದೆ, ಒಯ್ಯಲು ಹುಕುಂ ಆಗಿದೆ ಎಂದರು. ಸರ್ಕಾರ ಇಷ್ಟು ದಿನ ಕಾಪಾಡಿದ್ದು ಇದಕ್ಕೇ ಎಂದು ನನಗೆ ಹೊಳೆದದ್ದು ಆಗ. ಆದರೂ ಮನಸ್ಸು ಗಟ್ಟಿ ಮಾಡಿ "ಒಯ್ರಿ" ಅಂದೆ. ಮೇಲಿನದು ಹೋದರೆ ಹೋಗಲಿ, ನೆಲ ಇರುತ್ತದಲ್ಲ. ಆದರೆ ಆಳುಗಳು ಕೊಡಲಿ ಎತ್ತಲಿಲ್ಲ. ಗುದ್ದಲಿ ಹಿಡಿದು ಬುಡ ಅಗೆಯತೊಡಗಿದರು.

"ಬೇರು ಯಾಕ್ರಿ?" ಎಂದು ಓಡಿದೆ.

"ಗಂಧದ ಎಣ್ಣಿ ಜಾಸ್ತಿ ಇರೋದು ಬೇರಿನಾಗ ನೋಡವ್ವ. ಬಿಡಾಂಗಿಲ್ಲ" ಎಂದರು ಸಾಹೇಬರು.

"ಅಲ್ಲಿ ನನ್ನ ಕೂಸೈತಿ."

ಅವರು ಕೆಲಸ ನಿಲ್ಲಿಸಿದರು. ಆಮೇಲೆ "ಯಾವ ಬಾಜೂ?" ಎಂದು ಮೆಲ್ಲಗೆ ಕೇಳಿದರು. ತೋರಿಸಿದೆ. ಪಾಪ, ಆ ಬದಿ ಬಿಟ್ಟೇ ಅಗೆಸಿದರು. ಆದರೆ ದಪ್ಪ ಬೇರೆಲ್ಲ ಅತ್ತಲೇ ಹೋಗಿತ್ತು. ಬಿಟ್ಟು ಹೋದರೆ ಅವರ ನೌಕರಿ ಉಳಿಯುತ್ತಿರಲಿಲ್ಲ. ಎಳೆಸಿದರು.

ನನಗೆ ಅಳು ಬರಲಿಲ್ಲ, ಸಿಟ್ಟು ಬಂತು. "ಮರ ನಿಮ್ದು, ಬೇರೂ ನಿಮ್ದು. ಮಣ್ಣು ನಂದು. ಝಾಡಿಸಿ ಒಯ್ರಿ" ಅಂದೆ. ಆಳುಗಳು ಒಂದೊಂದೇ ಬೇರನ್ನು ಗುಂಡಿಯ ಮೇಲೆ ಹಿಡಿದು ಕೊಡವಿದರು. ಒಂದರಿಂದ ಮಣ್ಣಿನ ಜೊತೆ ಕರಿಬಳೆಯ ಚೂರು ಬಿತ್ತು. ಗಾಡಿ ಹೋದ ಮೇಲೆ ನಾನು ಆ ಗುಂಡಿಯನ್ನು ಕೈಯಿಂದಲೇ ಮುಚ್ಚಿದೆ. ಮೈಯೆಲ್ಲ ಗಂಧದ ವಾಸನೆ. ಎಷ್ಟು ತೊಳೆದರೂ ಅಂದು ಅದು ಹೋಗಲಿಲ್ಲ.

ಈಗಲೂ ಗುಡಿಯಲ್ಲಿ ಗಂಧ ಕೊಡಲು ಬಂದರೆ ನಾನು ಕೈ ಒಡ್ಡುವುದಿಲ್ಲ. ಮುದುಕಿಗೆ ಸೊಕ್ಕು ಅನ್ನುತ್ತಾರೆ. ಅನ್ನಲಿ.