ಗೊಂಬೆಯ ಬಲಗಾಲು

ಅಜ್ಜಿಯ ಕೈ ಮಗುವಿನ ಎಡಗಾಲನ್ನು ಹಿಡಿದದ್ದು ನಾನು ನಿಜವಾಗಿ ನೋಡಿದ್ದೋ, ಇಲ್ಲ ಹೆದರಿಕೆಯಿಂದ ಆಮೇಲೆ ಕಟ್ಟಿಕೊಂಡದ್ದೋ, ಬಹಳ ದಿನ ಗೊತ್ತಿರಲಿಲ್ಲ. ನನ್ನ ನೆನಪನ್ನು ನಾನು ಅಷ್ಟಾಗಿ ನಂಬುವವನಲ್ಲ. ಕೇಳಿದರೆ ಸಾಕ್ಷಿ ಹೇಳುತ್ತದೆ, ಇನ್ನೊಮ್ಮೆ ಕೇಳಿದರೆ ಬೇರೆಯದೇ ಹೇಳುತ್ತದೆ.

ಫಿಸಿಯೋಥೆರಪಿ ಓದುವವರಿಗೆ ಮಧುಗಿರಿಯಿಂದ ವಿಡಿಯೋ ಕರೆಯಲ್ಲಿ ತರಬೇತಿ ಕೊಡುವುದು ನನ್ನ ಕೆಲಸ. ವಿದ್ಯಾರ್ಥಿಗಳು ಕಾಲೇಜಿನಲ್ಲಿ, ಮಕ್ಕಳು ಅವರವರ ಊರಿನಲ್ಲಿ. ಮಗುವನ್ನು ಮುಟ್ಟುವ ಕೈ ಮನೆಯವರದು. ವಿದ್ಯಾರ್ಥಿ ಆ ಕೈಯನ್ನು ಮಾತಿನಲ್ಲೇ ನಡೆಸಬೇಕು. ಮಾತು ಸಾಲದಾಗ ಮಾಡಿ ತೋರಿಸಲು ಒಬ್ಬೊಬ್ಬರಿಗೂ ಒಂದು ಬಟ್ಟೆಯ ಗೊಂಬೆ. ಆ ದಿನ ನನ್ನ ಲ್ಯಾಪ್‌ಟಾಪಿನಲ್ಲಿ ಒಟ್ಟಿಗೆ ಮೂರು ಮನೆಗಳಿದ್ದವು: ಕಳ್ಳಂಬೆಳ್ಳ, ತೋವಿನಕೆರೆ, ಬಲಸಮುದ್ರ.

ಬಲಸಮುದ್ರದವಳು ನಾಲ್ಕು ವರ್ಷದ ಹುಡುಗಿ. ಹುಟ್ಟಿದಾಗಿನಿಂದ ಎರಡೂ ಕಾಲು ಬಿಗಿ. ಎಡಗಡೆ ಸೊಂಟದ ಕೀಲಿಗೆ ಆಪರೇಷನ್ ಆಗಿತ್ತು. ಡಾಕ್ಟರು ಮತ್ತೆ ನೋಡುವವರೆಗೆ ಆ ಕಾಲನ್ನು ಎಳೆಯುವಂತಿಲ್ಲ. ವ್ಯಾಯಾಮ ಬಲಗಾಲಿಗೆ ಮಾತ್ರ. ತಾಯಿ ಸೋಲಾರ್ ಪಾರ್ಕಿನಲ್ಲಿ ಪ್ಯಾನೆಲ್ ತೊಳೆಯಲು ಹೋಗುವುದರಿಂದ ಮೊಮ್ಮಗಳನ್ನು ಮಡಿಲಲ್ಲಿ ಕೂರಿಸಿಕೊಂಡು ಫೋನಿನ ಮುಂದೆ ಕೂರುತ್ತಿದ್ದವರು ಅಜ್ಜಿ.

ವಿದ್ಯಾರ್ಥಿನಿ ಗೊಂಬೆಯ ಮುಖವನ್ನು ಕ್ಯಾಮೆರಾದತ್ತ ತಿರುಗಿಸಿ, ಅದರ ಬಲಗಾಲನ್ನು ನೀಳವಾಗಿ ಚಾಚಿ, ಹೀಗೇ ಮಾಡಿ ಎಂದಳು. ಮಗುವೂ ಫೋನಿಗೆ ಮುಖ ಮಾಡಿತ್ತು. ಗೊಂಬೆಯ ಕಾಲು ಪರದೆಯ ಯಾವ ಬದಿಗಿತ್ತೋ ಅದೇ ಬದಿಗೆ ಅಜ್ಜಿ ಕೈ ಹಾಕಿದರೆ ಸಿಗುವುದು ಮಗುವಿನ ಎಡಗಾಲು. ಗೊಂಬೆಯನ್ನು ಬೆನ್ನು ತಿರುಗಿಸಿ ಕೂರಿಸಬೇಕೆಂದು ನಾನೇ ಹೇಳಿಕೊಟ್ಟಿರಲಿಲ್ಲ. ಇದು ಹೊಳೆಯುವಷ್ಟರಲ್ಲಿ ಕಳ್ಳಂಬೆಳ್ಳದ ಹುಡುಗ ರಂಪ ತೆಗೆದ. ಅತ್ತ ನೋಡಿ ಇತ್ತ ತಿರುಗಿದರೆ ಬಲಸಮುದ್ರದ ಚೌಕ ಕಪ್ಪಾಗಿತ್ತು. ಆಮೇಲೆ ಎಷ್ಟು ಸಲ ಮಾಡಿದರೂ ಫೋನ್ ಸ್ವಿಚ್ ಆಫ್.

ಮರುದಿನ ಬೆಳಿಗ್ಗೆಯೇ ಪಾವಗಡದ ದಾರಿ ಹಿಡಿದೆ. ಬಲಸಮುದ್ರ ತಲುಪಿದಾಗ ಹುಡುಗಿ ಜಗುಲಿಯ ಮೇಲೆ ಕೂತು ಕಡಲೆಕಾಯಿ ಸುಲಿಯುತ್ತಿದ್ದಳು. ನಿನ್ನೆ ಯಾವ ಕಾಲು ಎಳೆದಿರಿ ಎಂದು ಕೇಳಿದ್ದಕ್ಕೆ ಅಜ್ಜಿ ಅವಳ ಬಲಗಾಲನ್ನು ತಟ್ಟಿದರು. ಗೊಂಬೆಯ ವಿಷಯ ಹೇಳಿದೆ.

"ಗೊಂಬೆ ಎಂಗಾರ ಮಾಡ್ಲಿ ಬುಡಪ್ಪ. ಕುಯ್ದಿರೋ ಕಾಲು ಯಾವ್ದು ಅಂತ ನಂಗೊತ್ತಿಲ್ವಾ? ಆಸ್ಪತ್ರೆಯಿಂದ ಬಂದ ದಿನ್ವೇ ದೃಷ್ಟಿ ಆಗ್ಬಾರ್ದು ಅಂತ ಕರೀ ದಾರ ಕಟ್ಟಿವ್ನಿ. ದಾರದ ಕಾಲು ನಮ್ಮನೇಲಿ ಯಾರೂ ಮುಟ್ಟಂಗಿಲ್ಲ."

"ಮೇಷ್ಟ್ರಿಗೆ ಎಡ ಬಲ ಗೊತ್ತಾಗಲ್ವಾ ಅಜ್ಜಿ?" ಎಂದಳು ಹುಡುಗಿ.

"ಓದಿರೋರು ಕಣಮ್ಮ. ಗೊಂಬೆ ಇಟ್ಕಂಡು ಕಲ್ತವ್ರೆ."

ಎಡಗಡೆಯ ಸೊಂಟವನ್ನು ಮೆಲ್ಲಗೆ ಒತ್ತಿ ನೋಡಿದೆ. ಊತವಿಲ್ಲ, ನೋವಿಲ್ಲ. ಹುಡುಗಿಗೆ ಕಚಗುಳಿಯಾಗಿ ನಕ್ಕಳು. ಆಗ ನನಗೆ ಜಗುಲಿ ಬಿಟ್ಟು ಏಳಲು ಮನಸ್ಸಾಗಲಿಲ್ಲ. ಅವಳ ಜೊತೆ ಕೂತು ನಾನೂ ಒಂದಷ್ಟು ಕಡಲೆಕಾಯಿ ಸುಲಿದೆ. ಹಿಂದಿನ ದಿನದಿಂದ ಹೆದರಿ ಕೂತಿದ್ದ ವಿದ್ಯಾರ್ಥಿನಿಗೆ ಫೋನ್ ಮಾಡಿ ಹೇಳಿದೆ. ಸಾರ್, ಈಗ ತಿಂಡಿ ತಿಂತೀನಿ ಎಂದಳು.

ಆದರೂ ಅಜ್ಜಿಯ ಕೈ ಎಡಗಾಲಿನ ಮೇಲೆ ಕಂಡಿತ್ತಲ್ಲ ಎಂಬ ಅನುಮಾನ ಉಳಿಯಿತು. ಕೇಳಿಕೊಂಡ ಮೇಲೆ ಕಾಲೇಜಿನವರು ಆ ದಿನದ ರೆಕಾರ್ಡಿಂಗ್ ಕಳಿಸಿದರು. ಮೂರು ಸಲ ನೋಡಿದೆ. ಅಜ್ಜಿಯ ಕೈ ಮೊದಲು ಎಡಗಾಲಿಗೇ ಹೋಗಿತ್ತು. ಬೆರಳಿಗೆ ದಾರ ತಾಕಿದ್ದೇ ತಡ, ಬಲಗಾಲಿಗೆ ಸರಿಯಿತು.