ಸಿಪ್ಪೆ ಕಮ್ಮಿ, ತಿರುಳು ಜಾಸ್ತಿ

ಚಳಿ ಶುರುವಾಯಿತೆಂದರೆ ಇಲ್ಲಿ ಎಲ್ಲರ ಮನೆಯಲ್ಲೂ ಗ್ಲಿಸರಿನ್ ಸೀಸೆಯೊಂದು ಹೊರಬರುತ್ತದೆ. ಒಣಗಾಳಿಗೆ ತುಟಿ, ಹಿಮ್ಮಡಿ ಎಲ್ಲ ಒಡೆಯುತ್ತವೆ. ಗುಲಾಬಿ ನೀರಿನಲ್ಲಿ ಬೆರೆಸಿ ಹಚ್ಚಿಕೊಳ್ಳುವುದು ದಿಲ್ಲಿಯವರ ರೂಢಿ. ಕಳೆದ ವಾರ ಗ್ರೇಟರ್ ನೋಯ್ಡಾದ ನಮ್ಮ ಅಪಾರ್ಟ್‌ಮೆಂಟ್ ಸೊಸೈಟಿಯ ಔಷಧಿ ಅಂಗಡಿಯಿಂದ ನಾನೂ ಒಂದು ತಂದೆ. ಮುಚ್ಚಳ ತೆಗೆದು ಅಂಗೈಗೆ ಸುರಿದುಕೊಂಡಾಗ ಬೆರಳುಗಳ ನಡುವೆ ಆ ಅಂಟು ಎಳೆಎಳೆಯಾಗಿ ನಿಂತಿತು. ಗ್ಲಿಸರಿನ್ನಿಗೆ ವಾಸನೆ ಇಲ್ಲ ಎನ್ನುತ್ತಾರೆ. ಆದರೆ ನನಗೆ ಮಾತ್ರ ಪಾತ್ರೆ ತೊಳೆಯುವ ಸಾಬೂನಿನ ನಿಂಬೆ ವಾಸನೆ, ಹಳೆಯ ಪುಸ್ತಕಗಳ ಧೂಳು, ಕಿಟಕಿಯ ಆಚೆಗಿನ ಬೇವಿನ ಮರ, ಎಲ್ಲ ಒಟ್ಟಿಗೇ ಬಂದವು... ಮೇಡಂ ಕೋಣೆ.

ಮೇಡಂ ನನ್ನ ಪಿಎಚ್‌ಡಿ ಗೈಡ್. ಗದಗಿನಿಂದ ಬಂದು ದಿಲ್ಲಿಯ ಮುನಿರ್ಕಾದ ಒಂದು ಕತ್ತಲೆ ಕೋಣೆಯಲ್ಲಿ ಬಾಡಿಗೆಗಿದ್ದ ನಾನು ಮೊದಲ ಸಲ ಅವರನ್ನು ನೋಡಲು ಹೋದಾಗ ಅವರು ಮೇಜಿನ ಮೇಲೆ ಸ್ಟೀಲ್ ಬೋಗುಣಿ ಇಟ್ಟುಕೊಂಡು ಅದರಲ್ಲಿ ಏನನ್ನೋ ಕಲಸುತ್ತಿದ್ದರು. ಸಾಬೂನು ನೀರು. ಪೊರೆ ಬೇಗ ಒಡೆಯದಿರಲೆಂದು ಗ್ಲಿಸರಿನ್ ಹಾಕುತ್ತಿದ್ದರು. ತಂತಿಯ ಚೌಕಟ್ಟೊಂದನ್ನು ಅದ್ದಿ ಎತ್ತಿದರು. ಅದರ ತುಂಬ ತೆಳುವಾದ ಪೊರೆ. ನಡುವೆ ಒದ್ದೆ ದಾರದ ಕುಣಿಕೆಯೊಂದು ಅಡ್ಡಾದಿಡ್ಡಿಯಾಗಿ ಬಿದ್ದುಕೊಂಡಿತ್ತು. ಪೆನ್ಸಿಲ್ ತುದಿಯಿಂದ ಕುಣಿಕೆಯ ಒಳಗಿನ ಪೊರೆಯನ್ನಷ್ಟೇ ಒಡೆದರು. ಕಣ್ಣು ಮಿಟುಕಿಸುವಷ್ಟರಲ್ಲಿ ದಾರ ಸೆಟೆದು ನಿಂತು ಅಚ್ಚುಕಟ್ಟಾದ ವೃತ್ತವಾಯಿತು.

ಅಷ್ಟು ಉದ್ದದ ದಾರದಿಂದ ಯಾವ ಆಕಾರ ಮಾಡಿದರೂ ವೃತ್ತದಷ್ಟು ಜಾಗವನ್ನು ಒಳಗೊಳ್ಳಲು ಆಗದು ಎಂಬುದು ಗಣಿತದಲ್ಲಿ ಬಹಳ ಹಳೆಯ ಮಾತು. ಸಾವಿರಾರು ವರ್ಷಗಳಿಂದ ಜನರಿಗೆ ಗೊತ್ತಿದ್ದದ್ದು, ಆದರೆ ಲೋಪವಿಲ್ಲದೆ ಸಾಧಿಸಲು ಶತಮಾನಗಳೇ ಹಿಡಿದವು. ದಾರಕ್ಕೆ ಯಾರೂ ಹೇಳಿಕೊಟ್ಟಿಲ್ಲ, ಆದರೂ ಅದಕ್ಕೆ ಗೊತ್ತು; ನಮಗೆ ಯಾಕೆ ಎಂದು ಗೊತ್ತಾಗಬೇಕು, ಅದಕ್ಕೇ ಈ ಕೆಲಸ ಎಂದು ಮೇಡಂ ಇಂಗ್ಲಿಷಿನಲ್ಲಿ ಹೇಳಿದರು. ನಾನು ಆ ದಿನವೇ ಅವರ ವಿದ್ಯಾರ್ಥಿನಿಯಾದೆ.

ಅವರದೇ ಒಂದು ಪ್ರಶ್ನೆ ಇತ್ತು. ಬಯಲಿನಲ್ಲಿ ತೇಲುವ ಗುಳ್ಳೆ ಗುಂಡಗಿರುತ್ತದೆ, ಸರಿ. ಎರಡು ಗೋಡೆ ಕೂಡುವ ಮೂಲೆಯಲ್ಲಿ ಗುಳ್ಳೆ ಅಂಟಿಕೊಂಡಿದ್ದರೆ? ಆ ಗೋಡೆಗಳೂ ನೆಟ್ಟಗಿರದೆ ಸ್ವಲ್ಪ ಬಾಗಿದ್ದರೆ? ಆಗ ಅತಿ ಕಡಿಮೆ ಪೊರೆಯಲ್ಲಿ ಅಷ್ಟೇ ಗಾಳಿಯನ್ನು ಹಿಡಿದಿಡುವ ಆಕಾರ ಯಾವುದು? ಉತ್ತರ ಇಂಥದೇ ಎಂದು ಅವರಿಗೆ ಬಲವಾದ ಊಹೆ ಇತ್ತು. ಬೇರೆ ಯಾವ ಆಕಾರವೂ ಅದನ್ನು ಸೋಲಿಸಲಾರದು ಎಂದು ತೋರಿಸಬೇಕಾಗಿತ್ತು. ವರ್ಷಗಟ್ಟಲೆ ಅದರ ಹಿಂದೆ ಬಿದ್ದಿದ್ದರು.

ಮೇಡಂ ಉಡುಪಿ ಕಡೆಯವರು ಎಂದು ನನಗೆ ತಿಳಿದದ್ದೇ ತಡವಾಗಿ. ವಿಭಾಗದಲ್ಲಿ ಅವರು ಒಂದೂ ಕನ್ನಡ ಶಬ್ದ ಆಡುತ್ತಿರಲಿಲ್ಲ. ಒಮ್ಮೆ ನಾನೇ ಸಲಿಗೆಯಿಂದ ಕನ್ನಡದಲ್ಲಿ ಏನೋ ಕೇಳಿದ್ದಕ್ಕೆ, ಉಳಿದ ವಿದ್ಯಾರ್ಥಿಗಳಿಗೆ ಅರ್ಥವಾಗದ ಭಾಷೆಯಲ್ಲಿ ಗಣಿತ ಮಾತಾಡಬಾರದು ಎಂದು ಇಂಗ್ಲಿಷಿನಲ್ಲೇ ಗದರಿದ್ದರು. ಮದುವೆಯಾಗಿರಲಿಲ್ಲ. ಅವರ ತಮ್ಮ ನೋಯ್ಡಾದಲ್ಲಿ ಸೌತ್ ಇಂಡಿಯನ್ ಹೋಟೆಲ್ ನಡೆಸುತ್ತಿದ್ದರು. ಭಾನುವಾರ ಮಾತ್ರ ಮೇಡಂ ಅಲ್ಲಿಗೆ ಊಟಕ್ಕೆ ಹೋಗುತ್ತಿದ್ದರಂತೆ.

ನನ್ನ ಕೆಲಸ ಅರ್ಧ ದಾರಿಗೆ ಬಂದಿದ್ದಾಗ, ಜನವರಿಯ ಒಂದು ಬೆಳಿಗ್ಗೆ, ಮೇಡಂ ತರಗತಿಯಲ್ಲಿ ಬೋರ್ಡಿನ ಮುಂದೆ ಕುಸಿದು ಬಿದ್ದರು. ಮೆದುಳಿಗೆ ರಕ್ತ ಹರಿಯುವುದು ಒಂದು ಕಡೆ ನಿಂತಿತ್ತು. ಜೀವ ಉಳಿಯಿತು. ಬಲಗೈ ಎತ್ತಲಾಗುತ್ತಿರಲಿಲ್ಲ. ಮಾತು ಹೋಗಿತ್ತು.

ಆಸ್ಪತ್ರೆಯಲ್ಲಿ ನಾನೂ ಅವರ ತಮ್ಮನೂ ಸರದಿಯಂತೆ ಕೂರುತ್ತಿದ್ದೆವು. ಸ್ಪೀಚ್ ಥೆರಪಿಯವರು ಬಂದು ಚಿತ್ರದ ಕಾರ್ಡುಗಳನ್ನು ಹಿಡಿದು ಹಿಂದಿಯಲ್ಲಿ, ಇಂಗ್ಲಿಷಿನಲ್ಲಿ ಕೇಳುತ್ತಿದ್ದರು. ಸೇಬು, ಕುರ್ಚಿ, ನಾಯಿ. ಮೇಡಂ ಬಾಯಿ ತೆರೆಯುತ್ತಿದ್ದರು, ತುಟಿ ನಡುಗುತ್ತಿತ್ತು, ಏನೂ ಬರುತ್ತಿರಲಿಲ್ಲ. ಆಮೇಲೆ ಮುಖವನ್ನು ಗೋಡೆಯ ಕಡೆ ತಿರುಗಿಸಿಬಿಡುತ್ತಿದ್ದರು. ಸೆಮಿನಾರುಗಳಲ್ಲಿ ಎಂಥೆಂಥವರ ತಪ್ಪನ್ನೂ ಒಂದೇ ವಾಕ್ಯದಲ್ಲಿ ಎತ್ತಿ ತೋರಿಸುತ್ತಿದ್ದವರು. ನನಗೆ ಅದನ್ನು ನೋಡಲು ಆಗುತ್ತಿರಲಿಲ್ಲ.

ಒಂದು ಮಧ್ಯಾಹ್ನ ನಾನು ಅವರಿಗೆಂದು ಕಿನ್ನೂ ಹಣ್ಣು ಸುಲಿಯುತ್ತಿದ್ದೆ. ಕಿತ್ತಳೆಯಂಥದೇ, ಚಳಿಗಾಲದಲ್ಲಿ ಇಲ್ಲಿಯ ಗಾಡಿಗಳ ತುಂಬ ಅದೇ. ಮೇಡಂ ನನ್ನ ಕೈಯನ್ನೇ ನೋಡುತ್ತಿದ್ದರು. ಎಡಗೈ ಚಾಚಿ ಸಿಪ್ಪೆಯ ಚೂರೊಂದನ್ನು ತೆಗೆದುಕೊಂಡರು. ಅದನ್ನು ಹಾಸಿಗೆಯ ಮೇಲೆ ಅಗಲಿಸಿ ಬಹಳ ಹೊತ್ತು ನೋಡಿದರು. ಆಮೇಲೆ ಸಣ್ಣ ದನಿಯಲ್ಲಿ, ತಡೆದು ತಡೆದು ಹೇಳಿದರು:

“ಸಿಪ್ಪೆ... ಕಮ್ಮಿ. ತಿರುಳು... ಜಾಸ್ತಿ.”

ಹಣ್ಣಿನ ಮಾತಲ್ಲ ಅದು ಎಂದು ತಿಳಿಯಲು ನನಗೆ ಒಂದು ಕ್ಷಣ ಹಿಡಿಯಿತು. ಮೇಲ್ಮೈ ಕಡಿಮೆ, ಒಳಗಿನ ಗಾತ್ರ ಹೆಚ್ಚು. ಅವರ ಇಡೀ ಜೀವನದ ಗಣಿತವನ್ನು ಅವರು ನಾಲ್ಕು ಮಾತಿನಲ್ಲಿ, ನನಗೆ ಗದರಿ ಬಿಡಿಸಿದ್ದ ಭಾಷೆಯಲ್ಲಿ ಹೇಳಿದ್ದರು.

“ಹೌದ್ರಿ ಮೇಡಂ,” ಅಂದೆ. “ಗುಂಡಗಿದ್ರ ಹಂಗಽ ಆಗೋದು.”

ಅವರು ನಕ್ಕರು. ಮುಖದ ಒಂದು ಕಡೆ ಮಾತ್ರ ನಕ್ಕಿತು.

ಹೀಗಾಗುವುದುಂಟು ಎಂದು ಡಾಕ್ಟರು ಹೇಳಿದರು. ಹಲವು ಭಾಷೆ ಬಲ್ಲವರಿಗೆ ಕೆಲವೊಮ್ಮೆ ಎಳವೆಯ ಭಾಷೆ ಮೊದಲು ಮರಳುತ್ತದಂತೆ, ಉಳಿದವು ಆಮೇಲೆ ಬರಬಹುದು, ಬರದೆಯೂ ಇರಬಹುದು. ಅವರನ್ನು ತಮ್ಮನೇ ನೋಯ್ಡಾದ ಫ್ಲಾಟಿಗೆ ಕರೆದುಕೊಂಡು ಹೋದರು. ದಿನಕಳೆದಂತೆ ಮೇಡಂ ಬಾಯಲ್ಲಿ ಕನ್ನಡ ಒಂದೊಂದೇ ಶಬ್ದವಾಗಿ ಕೂಡಿಕೊಂಡಿತು. ಇಂಗ್ಲಿಷ್ ಕೇಳಿದರೆ ತಿಳಿಯುತ್ತಿತ್ತು; ಆಡಲು ಬರುತ್ತಿರಲಿಲ್ಲ.

ಇತ್ತ ವಿಭಾಗದ ಮುಖ್ಯಸ್ಥರು ನನ್ನನ್ನು ಕರೆಸಿದರು. ಕೆಟ್ಟವರಲ್ಲ. ಟೀ ತರಿಸಿಕೊಟ್ಟು, ನಿನ್ನ ಭವಿಷ್ಯದ ಪ್ರಶ್ನೆ, ಬೇರೆ ಗೈಡ್ ಹತ್ತಿರ ಹೋಗು, ವಿಷಯವನ್ನೂ ಬದಲಿಸಿಕೊ ಎಂದರು. ಮಾತಾಡಲಾಗದವರು ಮಾರ್ಗದರ್ಶನ ಮಾಡುವುದು ಹೇಗೆ ಎಂಬ ಅವರ ಪ್ರಶ್ನೆಯಲ್ಲಿ ತಪ್ಪೇನೂ ಇರಲಿಲ್ಲ. ಮಾತಾಡುತ್ತಾರೆ ಸರ್, ಕನ್ನಡದಲ್ಲಿ ಎಂದೆ. ಅವರು ಕನಿಕರದಿಂದ ನನ್ನನ್ನು ನೋಡಿದರು. ಬೇಸಿಗೆ ರಜೆ ಮುಗಿದ ಮೇಲೆ ಸಮಿತಿಯ ಮುಂದೆ ನನ್ನ ಕೆಲಸ ತೋರಿಸಬೇಕು, ಅಲ್ಲಿ ತೀರ್ಮಾನ ಎಂದು ಹೇಳಿ ಕಳಿಸಿದರು.

ಮರುದಿನ ಮುನಿರ್ಕಾದಿಂದ ಮೆಟ್ರೋ ಹಿಡಿದು ನೋಯ್ಡಾಕ್ಕೆ ಹೋದೆ. ಬಾಗಿಲು ತೆರೆದ ತಮ್ಮ ನನ್ನ ಚೀಲದ ಹಾಳೆಗಳನ್ನು ನೋಡಿ ಹೊಸ್ತಿಲಲ್ಲೇ ನಿಂತರು.

“ಅಕ್ಕನಿಗೆ ಇನ್ನು ಇದೆಲ್ಲ ಬೇಡ ಮಾರಾಯ್ರೆ. ನಮ್ಮ ಅಪ್ಪ ಹೀಗೇ ಹೋದದ್ದು. ಒಮ್ಮೆ ಬಿದ್ದು ಎದ್ದವರು ಮಾರನೇ ತಿಂಗಳೇ ಹೋಟೆಲಿನ ಒಲೆ ಮುಂದೆ ನಿಂತಿದ್ರು.”

ಒಳಗಿನಿಂದ ವಾಕರ್ ಎಳೆದ ಸದ್ದು ಕೇಳಿಸಿತು. ಮೇಡಂ ತಾವೇ ಎದ್ದು ಬಂದಿದ್ದರು. ಉಸಿರು ಮೇಲೆ ಕೆಳಗೆ ಆಗುತ್ತಿತ್ತು. ತಮ್ಮನ ಕಡೆ ನೋಡಿ ಒಂದೊಂದೇ ಶಬ್ದ ಹುಡುಕಿ ಹೇಳಿದರು.

“ಸುಮ್ಮನೆ ಕೂರುದು... ನನಗೆ ಬರುದಿಲ್ಲ. ಅವಳನ್ನು ಒಳಗೆ ಬಿಡು.”

ತಮ್ಮ ಸರಿದು ದಾರಿ ಬಿಟ್ಟರು. ಆಮೇಲೆ ಅವರು ಒಂದೇ ಒಂದು ಷರತ್ತು ಹಾಕಿದರು: ಊಟದ ಹೊತ್ತಿಗೆ ಹಾಳೆ ಮುಚ್ಚಬೇಕು. ಆ ಷರತ್ತನ್ನು ಮೇಡಂ ದಿನವೂ ಮುರಿದರು.

ಆ ಬೇಸಿಗೆಯಂಥ ಬೇಸಿಗೆ ನನಗೆ ಮತ್ತೆ ಬಂದಿಲ್ಲ. ಹೊರಗೆ ಬಿಸಿಗಾಳಿ, ಒಳಗೆ ಕೂಲರಿನ ಗದ್ದಲ. ಬೆಳಿಗ್ಗೆ ಫಿಸಿಯೋಥೆರಪಿ ಮುಗಿಸಿ ಬೆವರು ಒರೆಸಿಕೊಳ್ಳುತ್ತಲೇ ಮೇಡಂ ಮೇಜಿಗೆ ಬರುತ್ತಿದ್ದರು. ನಮ್ಮ ಬಳಿ ಶಬ್ದಗಳೇ ಇರಲಿಲ್ಲ. ಪಠ್ಯಪುಸ್ತಕದ ಸಂಸ್ಕೃತ ಶಬ್ದಗಳು ಅವರ ಬಾಯಿಗೆ ಬರುತ್ತಿರಲಿಲ್ಲ, ಅಡುಗೆಮನೆ, ಅಂಗಳದ ಶಬ್ದಗಳು ಬರುತ್ತಿದ್ದವು. ಮೇಲ್ಮೈ ಸಿಪ್ಪೆಯಾಯಿತು, ಗಾತ್ರ ತಿರುಳಾಯಿತು. ಒಂದು ಆಕಾರ ಅತ್ಯುತ್ತಮ ಆಕಾರದಿಂದ ಎಷ್ಟು ದೂರವಿದೆ ಎಂಬುದಕ್ಕೆ ಗಣಿತದಲ್ಲಿ ದೊಡ್ಡ ಹೆಸರುಂಟು. ಮೇಡಂ ಅದನ್ನು ‘ಸೊಟ್ಟ’ ಎಂದರು. ನಾನು ಹೊಸದೊಂದು ಅಂದಾಜು ಬರೆದು ತೋರಿಸಿದರೆ, “ಸೊಟ್ಟ ಎಷ್ಟು ಉಳೀತು?” ಎಂದು ಕೇಳುತ್ತಿದ್ದರು. ಎಡಗೈಯಿಂದ ಚಿತ್ರ ಬರೆಯುವುದನ್ನು ಕಲಿತರು. ಮೊದಮೊದಲು ಅವರ ವೃತ್ತಗಳು ಜಜ್ಜಿದ ಬದನೆಕಾಯಿಯಂತಿರುತ್ತಿದ್ದವು. ಹರಿದು ಹಾಕಿ ಇನ್ನೊಂದು ಬರೆಯುತ್ತಿದ್ದರು. ಅತ್ತದ್ದನ್ನು ನಾನು ಒಮ್ಮೆ ಮಾತ್ರ ಕಂಡೆ. ಬೇಕಾದ ಶಬ್ದವೊಂದು ಎಷ್ಟು ಹೊತ್ತಾದರೂ ಸಿಗದೆ ಪೆನ್ಸಿಲನ್ನು ಎಸೆದಿದ್ದರು. ಎತ್ತಿಕೊಟ್ಟೆ. ಮತ್ತೆ ಹಿಡಿದರು.

ಆಷಾಢದ ಹೊತ್ತಿಗೆ ನಮಗೆ ಅರ್ಧ ಉತ್ತರ ಸಿಕ್ಕಿತ್ತು. ಗೋಡೆಗಳ ಬಾಗು ತೀರ ಹೆಚ್ಚಿಲ್ಲದಿದ್ದರೆ ಮೇಡಂ ಊಹೆ ಸರಿ. ಯಾವುದೇ ಆಕಾರವನ್ನು ತೆಗೆದುಕೊಂಡು, ತಿರುಳು ಅಷ್ಟೇ ಇಟ್ಟು, ಮೂಲೆಯ ಕಡೆಗೆ ಮೆಲ್ಲಗೆ ಒತ್ತುತ್ತ ಹೋದರೆ ಸಿಪ್ಪೆ ಪ್ರತಿ ಸಲವೂ ಕಡಿಮೆಯಾಗುತ್ತದೆ, ಕೊನೆಗೆ ಅವರು ಹೇಳಿದ ಆಕಾರಕ್ಕೇ ಬಂದು ನಿಲ್ಲುತ್ತದೆ ಎಂದು ತೋರಿಸಿದ್ದೆವು.

ಸಮಿತಿಯ ದಿನ ತಮ್ಮನೇ ಹೋಟೆಲ್ ಬಿಟ್ಟು ಕಾರು ಓಡಿಸಿಕೊಂಡು ಬಂದರು. ಮೇಡಂ ಕಾಟನ್ ಸೀರೆ ಉಟ್ಟು, ವೀಲ್‌ಚೇರ್ ಬೇಡವೆಂದು, ವಾಕರ್ ಹಿಡಿದು ಆ ಉದ್ದನೆಯ ಕಾರಿಡಾರನ್ನು ನಡೆದೇ ದಾಟಿದರು. ಎಲ್ಲರೂ ಎದ್ದು ನಿಂತರು. ಅವರು ಮುಂದಿನ ಸಾಲಿನಲ್ಲಿ ಕೂತರು. ನಾನು ಬೋರ್ಡಿನ ಮುಂದೆ ಇಂಗ್ಲಿಷಿನಲ್ಲಿ ಶುರು ಮಾಡಿದೆ.

ಎಲ್ಲ ಸರಿಯಾಗಿಯೇ ನಡೆದಿತ್ತು. ಕೊನೆಗೆ ಹೊರಗಿನಿಂದ ಬಂದಿದ್ದ ಪರೀಕ್ಷಕರೊಬ್ಬರು ಕೇಳಿದರು: ಹೀಗೆ ಒತ್ತುತ್ತ ಹೋಗುವಾಗ ಆಕಾರ ನಡುವೆ ಕಿತ್ತು ಎರಡು ತುಂಡಾದರೆ? ನಿಮ್ಮ ಲೆಕ್ಕ ಅದು ಒಂದೇ ತುಂಡು ಎಂದು ಹಿಡಿದಿದೆಯಲ್ಲ?

ನಾನು ಬೋರ್ಡು ನೋಡಿದೆ. ಹೌದು, ಹಿಡಿದಿದ್ದೆವು. ಅದು ನಮಗೆ ಹೊಳೆದೇ ಇರಲಿಲ್ಲ. ಬರೆದ ಸಾಲುಗಳನ್ನು ಮೇಲಿನಿಂದ ಮತ್ತೆ ಓದತೊಡಗಿದೆ. ಮುಖ್ಯಸ್ಥರು ಗಡಿಯಾರ ನೋಡಿ, ಮುಂದೆ ಯೋಚಿಸಬಹುದು ಬಿಡಿ ಎಂದು ಏಳಹೊರಟರು.

ಮೇಡಂ ಎಡಗೈ ಎತ್ತಿದರು.

“ಎರಡಾದ್ರೆ ಆಗ್ಲಿ ಮಾರಾಯ್ತಿ. ಎರಡು ತಿರುಳಿಗೆ ಎರಡು ಸಿಪ್ಪೆ ಬೇಕು. ಅದು ಜಾಸ್ತಿಯೇ ಆಗ್ತದೆ... ಮೊದಲ ಭಾಗದಲ್ಲಿ ಮಾಡಿದ್ದುಂಟಲ್ಲ ನಾವು. ತುಂಡಾದದ್ದು ಗೆಲ್ಲುದಿಲ್ಲ. ಹೇಳು ಅವರಿಗೆ.”

ಅಷ್ಟು ಉದ್ದದ ಮಾತನ್ನು ಅವರು ಕಾಯಿಲೆಯಾದ ಮೇಲೆ ಆಡಿದ್ದು ಅದೇ ಮೊದಲು. ನಾನು ಇಂಗ್ಲಿಷಿನಲ್ಲಿ ಹೇಳಿದೆ. ಹೇಳುತ್ತ ಹೇಳುತ್ತ ನನಗೇ ಅರ್ಥವಾಯಿತು. ಮೊದಲ ಅಧ್ಯಾಯದಲ್ಲಿ ಬೇರೆ ಕಾರಣಕ್ಕೆ ಸಾಧಿಸಿಟ್ಟಿದ್ದ ಅಸಮತೆಯೊಂದನ್ನು ಇಲ್ಲಿ ತಂದು ಇಟ್ಟರೆ ಸಾಕಾಗಿತ್ತು. ಮೂರು ಸಾಲು ಬರೆದೆ. ಪರೀಕ್ಷಕರು ಆ ಸಾಲುಗಳನ್ನು ಬಹಳ ಹೊತ್ತು ನೋಡಿದರು. ಆಮೇಲೆ ನನ್ನ ಕಡೆಯಲ್ಲ, ಮೇಡಂ ಕಡೆ ತಿರುಗಿ ತಲೆಯಾಡಿಸಿದರು. ಹಿಂದಿನ ಸಾಲಿನಲ್ಲಿ ಕೂತಿದ್ದ ತಮ್ಮನಿಗೆ ಗಣಿತ ಒಂದಿಷ್ಟೂ ಗೊತ್ತಿರಲಿಲ್ಲ. ಅಕ್ಕ ಗೆದ್ದದ್ದು ಮಾತ್ರ ಗೊತ್ತಾಗಿತ್ತು. ಕರ್ಚೀಫಿನಿಂದ ಕನ್ನಡಕ ಒರೆಸುತ್ತಲೇ ಇದ್ದರು.

ಹೆಸರಿಗೆ ಇನ್ನೊಬ್ಬರನ್ನು ಜೊತೆ ಗೈಡಾಗಿ ಹಾಕಿ ನನ್ನನ್ನು ಮೇಡಂ ಬಳಿಯೇ ಬಿಟ್ಟರು. ನನಗೆ ಪಿಎಚ್‌ಡಿ ಬಂತು. ಮೇಡಂಗೆ ಇಂಗ್ಲಿಷ್ ಪೂರ್ತಿ ಮರಳಲಿಲ್ಲ. ಅದರ ಬಗ್ಗೆ ಅವರು ತಲೆ ಕೆಡಿಸಿಕೊಳ್ಳುವುದನ್ನೂ ಬಿಟ್ಟರು. ಉಳಿದರ್ಧ, ಅಂದರೆ ಗೋಡೆಗಳು ಬಹಳ ಬಾಗಿದ್ದರೆ ಏನಾಗುತ್ತದೆ ಎಂಬುದನ್ನು ಹಿಡಿದು ಕೂತರು. ನನಗೆ ಗ್ರೇಟರ್ ನೋಯ್ಡಾದ ಕಾಲೇಜೊಂದರಲ್ಲಿ ಕೆಲಸ ಸಿಕ್ಕಿದ ಮೇಲೂ ಶನಿವಾರ ಶನಿವಾರ ಅವರಲ್ಲಿಗೆ ಹೋಗುತ್ತಿದ್ದೆ. ನನ್ನ ಪ್ರಯತ್ನಗಳಲ್ಲೆಲ್ಲ ಅವರು ಒಂದಲ್ಲ ಒಂದು ತೂತು ಹುಡುಕುತ್ತಿದ್ದರು. ಬೆರಳಿಟ್ಟು ತೋರಿಸಿ, ಇಲ್ಲಿ ಸೋರ್ತದೆ ಎನ್ನುತ್ತಿದ್ದರು. ಅವರು ಬೆರಳಿಟ್ಟ ಕಡೆ ಸೋರುತ್ತಲೇ ಇರುತ್ತಿತ್ತು...

ಕೋವಿಡ್ ಕಳೆದ ಮೇಲಿನ ಒಂದು ಮಳೆಗಾಲದಲ್ಲಿ ಎರಡನೇ ಸಲ ಬಿದ್ದರು. ಈ ಸಲ ಏಳಲಿಲ್ಲ. ಫೋನಿನಲ್ಲಿ ತಮ್ಮ, “ಅಕ್ಕ ಹೋದ್ಲು” ಎಂದಷ್ಟೇ ಹೇಳಿದರು. ನಾನು ತಲುಪುವಷ್ಟರಲ್ಲಿ ಹೋಟೆಲಿನ ಕೆಲಸದವರೆಲ್ಲ ಬಂದು ಮೆಟ್ಟಿಲುಗಳ ಮೇಲೆ ಕೂತಿದ್ದರು. ನನ್ನನ್ನು ಕಂಡು ತಮ್ಮ, ನಿಮ್ಮನ್ನು ಆ ದಿನ ಬಾಗಿಲಲ್ಲೇ ತಡೆದಿದ್ದರೆ ಇನ್ನೂ ಇರ್ತಿದ್ಲೋ ಏನೋ ಎಂದರು. ಆಮೇಲೆ, ಇರ್ತಿದ್ಲು, ಆದ್ರೆ ಅಕ್ಕ ಆಗಿ ಇರ್ತಿರ್ಲಿಲ್ಲ ಎಂದು ತಾವೇ ಹೇಳಿಕೊಂಡರು.

ಉಳಿದರ್ಧವನ್ನು ನಾನು ಬಿಡಲಿಲ್ಲ. ಪಾಠ, ಪರೀಕ್ಷೆ, ಎಕ್ಸ್‌ಪ್ರೆಸ್‌ವೇಯ ಟ್ರಾಫಿಕ್ಕು, ಇವುಗಳ ನಡುವೆ ಸಿಕ್ಕಿದಷ್ಟು ಹೊತ್ತು ಅದರಲ್ಲೇ ಇದ್ದೇನೆ. ಈ ದೀಪಾವಳಿಯ ರಜೆಯಲ್ಲಿ ಕೊನೆಯ ಹೆಜ್ಜೆ ಕೂಡಿಬಂದ ಹಾಗಾಯಿತು. ತಮ್ಮನಿಗೆ ಫೋನ್ ಮಾಡಿದೆ. ಹಿನ್ನೆಲೆಯಲ್ಲಿ ಪ್ಲೇಟುಗಳ ಸದ್ದು. ಅಕ್ಕನ ಹೆಸರು ಹಾಕ್ತೀರಾ ಎಂದು ಕೇಳಿದರು. ಮೊದಲು ಅವರದೇ, ಆಮೇಲೆ ನನ್ನದು ಎಂದೆ. ಒಂದು ಪ್ರತಿ ನನಗೂ ಕಳಿಸಿ ಮಾರಾಯ್ರೆ ಎಂದು ಫೋನಿಟ್ಟರು.

ಉಳಿದರ್ಧದ ಸಾಧನೆ ಬರೆದ ಹಾಳೆಗಳು ಮೇಜಿನ ಮೇಲಿವೆ. ನನ್ನ ಕಣ್ಣಿಗೆ ಎಲ್ಲ ಸರಿಯಾಗಿಯೇ ಕಾಣುತ್ತದೆ. ಹಿಂದೆಯೂ ಪ್ರತಿ ಸಲ ಹಾಗೇ ಕಾಣುತ್ತಿತ್ತು. ಎಲ್ಲಿ ತಪ್ಪಿದೆ ಎಂದು ಹೇಳುವವರು ಈಗ ಇಲ್ಲ. ಆ ಶನಿವಾರಗಳು ಮತ್ತೆ ಬರುವುದಿಲ್ಲ. ಇವತ್ತು ಬೆಳಿಗ್ಗೆ ಮೊದಲ ಪುಟದಿಂದ ಓದಲು ಶುರು ಮಾಡಿದ್ದೇನೆ, ಪ್ರತಿ ಸಾಲನ್ನೂ ನಂಬದೆ, ಅವರು ಓದುತ್ತಿದ್ದ ಹಾಗೆ.