ಗುರುತಪ್ಪನ ಅಂಗಾಲು

ಬಸ್ ನಿಲ್ದಾಣದಲ್ಲಿ ಟಿಕೆಟ್ ಕಿಟಕಿಗಳನ್ನು ದಾಟಿ ಹಿಂದಕ್ಕೆ ಹೋದರೆ, ಪ್ರಯಾಣಿಕರು ಕಳೆದುಕೊಂಡ ಸಾಮಾನುಗಳನ್ನಿಡುವ ಕೋಣೆಯೊಂದಿತ್ತು. ಛತ್ರಿ, ಊಟದ ಡಬ್ಬಿ, ಒಂಟಿ ಚಪ್ಪಲಿ, ಒಮ್ಮೆ ಯಾರದೋ ಹಲ್ಲಿನ ಸೆಟ್ಟು, ಎಲ್ಲ ಅಲ್ಲಿಗೇ ಬಂದು ಬೀಳುತ್ತಿದ್ದವು. ಆ ಕೋಣೆಯ ಉಸ್ತುವಾರಿ ಗುರುತಪ್ಪನದು. ಅದು ಅಪ್ಪ ಅಮ್ಮ ಇಟ್ಟ ಹೆಸರಲ್ಲ. ಯಾರು ಬಂದರೂ ಮೊದಲು "ಗುರುತು ಹೇಳಿ" ಎನ್ನುತ್ತಿದ್ದನೆಂದು ಕಂಡಕ್ಟರುಗಳು ಇಟ್ಟದ್ದು. ಗುರುತು ಸರಿಯಾಗಿ ಹೇಳದವರು ಎಂಥವರೇ ಆಗಿರಲಿ, ಬರಿಗೈಯಲ್ಲಿ ವಾಪಸು. ಸ್ವಂತ ಅತ್ತೆ ಬಸ್ಸಿನಲ್ಲಿ ಬಿಟ್ಟ ಛತ್ರಿ ಕೇಳಲು ಬಂದಾಗಲೂ, ಹಿಡಿಯ ಬಣ್ಣ ಹೇಳಲು ತಡವರಿಸಿದರೆಂದು ಕೊಡದೆ ಕಳಿಸಿದ್ದ. ಅವತ್ತಿನಿಂದ ಒಂದೇ ಸೂರಿನ ಕೆಳಗಿದ್ದರೂ ಅತ್ತೆಗೂ ಅಳಿಯನಿಗೂ ಮಾತಿರಲಿಲ್ಲ. ಏನಿದ್ದರೂ ಅವನ ಹೆಂಡತಿಯ ಮೂಲಕವೇ ದಾಟಬೇಕಿತ್ತು.

ಸಕ್ಕರೆ ಕಾಯಿಲೆ ಅವನಿಗೆ ಬಹಳ ವರ್ಷಗಳಿಂದ ಇತ್ತು. ಮಾತ್ರೆ ನುಂಗುತ್ತಿದ್ದ, ಅದನ್ನು ಬಿಟ್ಟರೆ ಕಾಯಿಲೆಯ ತಂಟೆಗೆ ಹೋಗುತ್ತಿರಲಿಲ್ಲ. ಮೊದಮೊದಲು ಪಾದಗಳು ಜೋಮು ಹಿಡಿದಂತಾಗಿ ಉರಿಯುತ್ತಿದ್ದವು. ಬರಬರುತ್ತ ಅದೂ ನಿಂತಿತು. ಕಾಲು ವಾಸಿಯಾಯಿತೆಂದು ಖುಷಿಪಟ್ಟಿದ್ದ.

ಒಂದು ಬೆಳಿಗ್ಗೆ ಕೆಲಸಕ್ಕೆ ಬಂದು ಜೇಬು ತಡಕಿದರೆ ಕೋಣೆಯ ಬೀಗದ ಕೈ ಇಲ್ಲ. ಬಾಗಿಲ ಮುಂದೆ ಜನ ಸೇರತೊಡಗಿದರು. ಗುರುತಪ್ಪ ಕ್ಯಾಂಟೀನು, ಶೆಡ್ಡು, ಶೌಚಾಲಯ ಎಲ್ಲ ಜಾಲಾಡಿದ. ಮನೆಗೂ ನಡೆದುಹೋಗಿ ಬಂದ. ನಿಲ್ದಾಣದ ಸಾಹೇಬರು ಮೈಕಿನಲ್ಲಿ ಕೂಗಿಸಿದರು: ಕಳೆದುಹೋದ ಸಾಮಾನಿನ ಕೋಣೆಯ ಬೀಗದ ಕೈ ಕಳೆದುಹೋಗಿದೆ, ಸಿಕ್ಕಿದವರು ದಯವಿಟ್ಟು ಕಳೆದುಹೋದ ಸಾಮಾನಿನ ಕೋಣೆಗೆ ತಲುಪಿಸಬೇಕು. ಇಡೀ ನಿಲ್ದಾಣ ಬಿದ್ದು ಬಿದ್ದು ನಕ್ಕಿತು. ಕೊನೆಗೆ ಬೀಗ ಒಡೆಸಬೇಕಾಯಿತು.

ಸಂಜೆ ಮನೆಯಲ್ಲಿ ಬೂಟು ಬಿಚ್ಚಿದಾಗ ಒಳಗಿಂದ ಬೀಗದ ಕೈ ಠಣ್ಣೆಂದು ನೆಲಕ್ಕೆ ಬಿತ್ತು. ಗೋಡೆಯ ಮೊಳೆಗೆ ನೇತುಹಾಕಿದ್ದು ಹೇಗೋ ಜಾರಿ ಕೆಳಗಿದ್ದ ಬೂಟಿನೊಳಗೆ ಸೇರಿಕೊಂಡಿತ್ತು. ದಿನವಿಡೀ ಅವನು ಅದನ್ನು ತುಳಿದುಕೊಂಡೇ ಅದನ್ನು ಹುಡುಕಿದ್ದ. ಕಾಲುಚೀಲ ತೊಯ್ದುಹೋಗಿತ್ತು. ಅಂಗಾಲಿನಲ್ಲಿ ಬೀಗದ ಕೈಯ ಅಚ್ಚು ಹಲ್ಲುಗಳ ಸಮೇತ ಮೂಡಿ, ಪಕ್ಕದಲ್ಲೊಂದು ದೊಡ್ಡ ಬೊಬ್ಬೆ ಒಡೆದಿತ್ತು. ನೋವೇ ಇಲ್ಲವಲ್ಲ, ಯಾಕೆ ಗಾಬರಿ ಎಂದು ಅವನೇ ಹೆಂಡತಿಗೆ ಸಮಾಧಾನ ಹೇಳಿದ.

"ನೋವಿಲ್ಲ ಅಂತಾನೇ ನಂಗೆ ಭಯ ಆಗ್ತಿರೋದು," ಎಂದಳು ಅವಳು.

ಮರುದಿನ ಆಸ್ಪತ್ರೆಯಲ್ಲಿ ನರ್ಸಮ್ಮ ಗಾಯ ತೊಳೆದು ಪಟ್ಟಿ ಕಟ್ಟಿದರು. ಆಮೇಲೆ ಅವನ ಕಣ್ಣು ಮುಚ್ಚಿಸಿ, ನೈಲಾನ್ ಎಳೆಯಿಂದ ಪಾದ ಮುಟ್ಟುತ್ತೇನೆ, ಗೊತ್ತಾದ ಕೂಡಲೇ ಹೇಳಬೇಕು ಎಂದರು. ಪರೀಕ್ಷೆಯೆಂದ ಮೇಲೆ ಫೇಲಾಗುವ ಜಾಯಮಾನ ಗುರುತಪ್ಪನದಲ್ಲ. ಈಗ ಹೆಬ್ಬೆರಳು ಎಂದ. ಈಗ ಹಿಮ್ಮಡಿ ಎಂದ. ಸ್ವಲ್ಪ ಬಿಟ್ಟು, ಮತ್ತೆ ಹೆಬ್ಬೆರಳು ಎಂದ.

"ಇನ್ನೂ ಶುರು ಮಾಡಿಲ್ಲ, ಎಳೆ ಎಲ್ಲಿಟ್ಟೆ ಅಂತ ಹುಡುಕ್ತಾ ಇದೀನಿ," ಎಂದರು ನರ್ಸಮ್ಮ.

ಅವರು ನಿಜವಾಗಿ ಮುಟ್ಟಿ ಮುಗಿಸಿದಾಗ, ಯಾವಾಗ ಶುರು ಮಾಡುತ್ತೀರಿ ಎಂದು ಕೇಳಿದ.

ಡಾಕ್ಟರು ಬೈಯಲಿಲ್ಲ. ಕಾಲು ಇನ್ನು ತಾನಾಗಿ ಏನೂ ಹೇಳುವುದಿಲ್ಲ, ದಿನಾ ನೀವೇ ನೋಡಿ ತಿಳಿಯಬೇಕು ಎಂದರು. ಮನೆಯೊಳಗೂ ಬರಿಗಾಲಲ್ಲಿ ಓಡಾಡಬಾರದು, ಬೂಟು ಹಾಕುವ ಮುಂಚೆ ಒಳಗೆ ಕೈಯಾಡಿಸಬೇಕು, ತೊಳೆದ ಮೇಲೆ ಬೆರಳ ಸಂದಿಗಳನ್ನು ಒಣಗುವಂತೆ ಒರೆಸಬೇಕು, ಚಿಕ್ಕ ಗಾಯವಾದರೂ ಕಾಯದೆ ಬರಬೇಕು.

ಕಷ್ಟ ಬಂದದ್ದು ನೋಡುವುದರಲ್ಲಿ. ಬಗ್ಗಿದರೆ ಹೊಟ್ಟೆ ಅಡ್ಡ. ಕನ್ನಡಿ ಹಿಡಿದರೆ ಸೂರಿನ ಜೇಡರ ಬಲೆ ಕಾಣುತ್ತಿತ್ತೇ ಹೊರತು ಅಂಗಾಲಲ್ಲ. ಹೆಂಡತಿಗೆ ಕಣ್ಣು ಮಂಜು. ಅವಳು ಹಳೇ ಮಚ್ಚೆಯೊಂದನ್ನು ಹುಣ್ಣೆಂದು ತಿಳಿದು ಒಂದು ಸಂಜೆಯೆಲ್ಲ ಅತ್ತಳು. ಮನೆಯಲ್ಲಿ ಕನ್ನಡಕವಿಲ್ಲದೆ ಸೂಜಿಗೆ ದಾರ ಪೋಣಿಸುವವರು, ನೆಲದ ಮೇಲೆ ಸಲೀಸಾಗಿ ಕೂರುವವರು ಒಬ್ಬರೇ. ಅತ್ತೆ.

ಹೆಂಡತಿ ಇಬ್ಬರನ್ನೂ ಕೂರಿಸಿದಳು. ಗುರುತಪ್ಪ ಕುರ್ಚಿಯ ಮೇಲೆ ಗೋಡೆಗೆ ಮುಖ ತಿರುಗಿಸಿ ಕೂತ. ಅತ್ತೆ ಮಡಿಲಿಗೆ ಟವೆಲ್ ಹಾಸಿಕೊಂಡು ಅವನ ಪಾದ ಎತ್ತಿಟ್ಟುಕೊಂಡರು.

"ನಿನ್ನ ಗಂಡನಿಗೆ ಹೇಳು, ಕಿರುಬೆರಳ ಸಂದೀಲಿ ಒದ್ದೆ ಬಿಟ್ಟಿದಾರೆ."

ಹೆಂಡತಿ ಅದನ್ನು ಅಕ್ಷರ ತಪ್ಪದೆ ಗಂಡನಿಗೆ ಹೇಳಿದಳು. ನಿಮ್ಮಮ್ಮನಿಗೆ ಹೇಳು, ಒರೆಸಿದೀನಿ ಎಂದ ಅವನು. ದಿನಾ ಹೀಗೇ ನಡೆಯಿತು. ಗಾಯ ಪೂರ್ತಿ ಮಾಯಿತು. ಹಳೇ ಬೂಟು ಬಿಸಾಡಿ ಹೊಸದು ಕೊಂಡ.

ಅಷ್ಟರಲ್ಲಿ ಅತ್ತೆ ಊರ ಇನ್ನೊಂದು ತುದಿಯಲ್ಲಿದ್ದ ಕಿರಿಯ ಮಗಳ ಮನೆಗೆ ಸ್ವಲ್ಪ ದಿನ ಇರಲು ಹೋದರು. ಗುರುತಪ್ಪ ಚಡಪಡಿಸಿದ. ಕೊನೆಗೆ ಕಂಕುಳಲ್ಲಿ ಟವೆಲ್ ಇರುಕಿಕೊಂಡು ಬಸ್ಸು ಹತ್ತಿದ. ಷಡ್ಡಕನ ಮನೆಯ ಹಾಲಿನಲ್ಲಿ ಆಫೀಸಿನ ಅತಿಥಿಗಳು ತುಂಬಿದ್ದರು. ಅವನು ಎಲ್ಲರಿಗೂ ನಮಸ್ಕಾರ ಮಾಡಿ, ಒಂದು ಕುರ್ಚಿ ಎಳೆದುಕೊಂಡು ಕೂತು, ಕಾಲುಚೀಲ ಬಿಚ್ಚಿದ. ಅತಿಥಿಗಳು ಮಾತು ನಿಲ್ಲಿಸಿದರು. ಷಡ್ಡಕ ತಲೆ ಎತ್ತಲಿಲ್ಲ. ಅತ್ತೆ ಏನೂ ಆಗಿಲ್ಲವೆಂಬಂತೆ ಬಂದು ಕೆಳಗೆ ಕೂತು, ದೀಪದ ಕಡೆಗೆ ಪಾದ ತಿರುಗಿಸಿದರು. ಅವರ ಹುಬ್ಬು ಗಂಟಿಕ್ಕಿತು.

"ಹಿಮ್ಮಡಿ ಹತ್ರ ಕೆಂಪಾಗಿದೆ. ಮೊನ್ನೆ ಇರ್ಲಿಲ್ಲ. ಹೊಸ ಬೂಟು ಉಜ್ತಾ ಇದೆ."

ಗುರುತಪ್ಪ ಅಭ್ಯಾಸಬಲದಿಂದ ಹೆಂಡತಿಗಾಗಿ ಅತ್ತಿತ್ತ ನೋಡಿದ. ಅವಳು ಬಂದಿರಲಿಲ್ಲ.

"ಇವತ್ತೇ ಆಸ್ಪತ್ರೆಗೆ ಹೋಗ್ಬೇಕಾ ಅತ್ತೆ?"

"ಈಗ್ಲೇ ಹೋಗಿ. ಆ ಬೂಟು ಇಲ್ಲೇ ಬಿಡಿ."

ಷಡ್ಡಕನ ದೊಗಲೆ ಚಪ್ಪಲಿ ಮೆಟ್ಟಿಕೊಂಡು ಹೋದ. ಚರ್ಮ ಒಡೆಯುವ ಮುಂಚೆ ಬಂದದ್ದು ಒಳ್ಳೆಯದಾಯಿತು, ಇನ್ನೆರಡು ದಿನ ಬಿಟ್ಟಿದ್ದರೆ ಹುಣ್ಣಾಗುತ್ತಿತ್ತು ಎಂದರು ಡಾಕ್ಟರು. ಅಗಲವಾದ, ಮೆತ್ತನೆಯ ಬೂಟು ಬರೆದುಕೊಟ್ಟರು. ಅವು ದೋಣಿಗಳಂತಿವೆ ಎಂದು ಕಂಡಕ್ಟರುಗಳು ಆಡಿಕೊಂಡರು. ಗುರುತಪ್ಪ ಕಿವಿಗೆ ಹಾಕಿಕೊಳ್ಳಲಿಲ್ಲ.

ಮರುಸಂಜೆ ಅವನು ಹೋದಾಗ ಅತಿಥಿಗಳಿರಲಿಲ್ಲ. ತಪಾಸಣೆ ಮುಗಿದ ಮೇಲೂ ಷಡ್ಡಕ ಅಲ್ಲೇ ಸುಳಿದಾಡುತ್ತಿದ್ದ. ಕೊನೆಗೆ, ತನಗೂ ಸಕ್ಕರೆ ಇದೆ, ಯಾರಿಗೂ ಹೇಳಿಲ್ಲ ಎಂದು ಗೋಡೆಗೆ ಹೇಳುವಂತೆ ಹೇಳಿದ. ಗುರುತಪ್ಪ ಎದ್ದು ಕುರ್ಚಿ ಬಿಟ್ಟುಕೊಟ್ಟ. ಅತ್ತೆ ಟವೆಲ್ ಕೊಡವಿ ಮತ್ತೆ ಹಾಸಿಕೊಂಡರು.

"ಕಾಲುಚೀಲ ಬಿಚ್ಚಿ ಅಳಿಯಂದ್ರೆ. ನಾಚ್ಕೊಂಡು ಕೂತ್ರೆ ನಾನೇನ್ ನೋಡ್ಲಿ?"